ಎಂಬತ್ತು ಲೀಟರಿನ ಹುಳಿ

ಮೊದಲ ಎರಡೂವರೆ ವಾರ ಮನೆಯವರಿಗೆ ನಾನು ಹೇಳಿದ್ದು ಒಂದೇ ಮಾತು: ‘ತಾರಸಿ ಮೇಲಿರೋ ತೊಟ್ಟಿ ಮುಟ್ಟಬೇಡಿ.’ ಯಾಕೆ ಮುಟ್ಟಬಾರದು ಎಂದು ಹೇಳಲಿಲ್ಲ. ಹೇಳಿದ್ದರೆ ಈ ಬರಹ ಒಂದು ಪುಟಕ್ಕೆ ಮುಗಿದುಹೋಗುತ್ತಿತ್ತು.

ತೊಂಬತ್ತರ ದಶಕದ ನಡುವಿನ ಒಂದು ಡಿಸೆಂಬರ್. ಪಾಂಡವಪುರದಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು ಶ್ರೀರಂಗಪಟ್ಟಣದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಹಂಗಾಮಿ ಕೆಲಸ; ಜನವರಿಗೆ ಮುಗಿಯುತ್ತಿತ್ತು. ಮುಗಿದ ಮೇಲೆ ದೇವಲಾಪುರದ ಹತ್ತಿರದ ನಮ್ಮೂರಿಗೆ ವಾಪಸ್ಸು. ಅಲ್ಲಿ ನನಗಾಗಿ ಕಾದಿದ್ದ ಕೆಲಸಗಳು ಎರಡು: ಬೆಳಿಗ್ಗೆ ಡೇರಿಗೆ ಹಾಲು ಹಾಕುವುದು, ಸಂಜೆ ಹೆಣ್ಣು ನೋಡಲು ಬಂದವರಿಗೆ ಕಾಫಿ ಕೊಡುವುದು. ಎರಡಕ್ಕೂ ಎಂ.ಎಸ್ಸಿ. ಬೇಕಿರಲಿಲ್ಲ.

ಬೆಳ್ಳೂರು ಕ್ರಾಸಿನಿಂದ ಒಂದಿಷ್ಟು ಒಳಗೆ ಹೊಸ ಕಂಪನಿಯೊಂದು ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆ ಕಟ್ಟುತ್ತಿತ್ತು. ಮಣ್ಣೇ ಇಲ್ಲದೆ, ಗೊಬ್ಬರದ ಉಪ್ಪು ಕರಗಿಸಿದ ನೀರಿನಲ್ಲಿ ಲೆಟ್ಯೂಸ್ ಎಂಬ ಸೊಪ್ಪು ಬೆಳೆದು ಬೆಂಗಳೂರಿನ ದೊಡ್ಡ ಹೋಟೆಲುಗಳಿಗೆ ಕಳಿಸುವುದು ಅವರ ಉದ್ದೇಶ. ತಾಂತ್ರಿಕ ಸಹಾಯಕರ ಹುದ್ದೆ ಒಂದೇ ಇತ್ತು. ಸಂದರ್ಶನದ ಕೊನೆಗೆ ಉಳಿದವರು ಇಬ್ಬರು, ಮಂಡ್ಯದ ಕಡೆಯ ಒಬ್ಬರು ಮತ್ತು ನಾನು. ಪುಸ್ತಕದ ಪ್ರಶ್ನೆಗಳಿಗೆಲ್ಲ ಇಬ್ಬರೂ ಉತ್ತರ ಹೇಳಿದ್ದೆವು. ಮ್ಯಾನೇಜರು ಇಬ್ಬರಿಗೂ ಒಂದೊಂದು ಟ್ರೇ ಸಸಿ, ಪೆನ್ನಿನಾಕಾರದ ಒಂದೊಂದು ಪಿಎಚ್ ಮೀಟರು ಕೊಟ್ಟು, ಮನೆಯಲ್ಲೇ ಇಪ್ಪತ್ತೆಂಟು ದಿನ ಬೆಳೆಸಿ ತೋರಿಸಬೇಕೆಂದರು. ನೀರಿನ ಪಿಎಚ್ ಐದೂವರೆಗಿಂತ ಇಳಿಯಬಾರದು, ಆರೂವರೆಗಿಂತ ಏರಬಾರದು. ದಿನಕ್ಕೆರಡು ಸಲ ಅಳೆದು ಬರೆದಿಡಬೇಕು. ತಾವೇ ಬಂದು ನೋಡುತ್ತೇನೆ ಎಂದರು.

ಪಿಎಚ್ ಎಂದರೆ ನೀರಿನ ಹುಳಿಯ ಅಳತೆ. ಏಳು ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಂಕಿ ಏಳರಿಂದ ಇಳಿದಷ್ಟೂ ಹುಳಿ, ಏರಿದಷ್ಟೂ ಸುಣ್ಣದ ಗುಣ. ಈ ಗಿಡಗಳಿಗೆ ಬೇಕಾದದ್ದು ತುಸು ಹುಳಿಯಿರುವ ನೀರು. ಏಳು ದಾಟಿತೆಂದರೆ ನೀರಿನಲ್ಲಿ ಕಬ್ಬಿಣದ ಅಂಶವಿದ್ದೂ ಬೇರಿಗೆ ದಕ್ಕುವುದಿಲ್ಲ. ಬೀಗ ಹಾಕಿದ ಕಣಜದ ಮುಂದೆ ಉಪವಾಸ ಕೂತ ಹಾಗೆ.

ಇದಾವುದನ್ನೂ ನಾನು ಮನೆಯಲ್ಲಿ ಹೇಳಲಿಲ್ಲ. ಕೆಲಸ ಸಿಗದಿದ್ದರೆ, ಸಿಗಲಿಲ್ಲವೆಂದು ಎಲ್ಲರಿಗೂ ಹೇಳುತ್ತ ಕೂರುವ ಇನ್ನೊಂದು ಕೆಲಸ ಗಂಟುಬೀಳುತ್ತದೆ. ‘ಕಾಲೇಜಿನ ಪ್ರಯೋಗ’ ಎಂದುಬಿಟ್ಟೆ.

ದೊಡ್ಡಪ್ಪ ಆಲೆಮನೆಯವರು. ಕಬ್ಬು ಅರೆದು ಬೆಲ್ಲ ಕಾಯಿಸುವುದರಲ್ಲಿ ಅವರ ಕೈಗೆ ಸುತ್ತಲೂ ಹೆಸರಿತ್ತು. ಆ ತಿಂಗಳು ಗಾಣದ ರೋಲರು ಸವೆದು ಕೆ.ಆರ್. ಪೇಟೆಯ ಲೇತಿಗೆ ಹೋಗಿತ್ತು. ಲೇತಿನವನು ದಿನಾ ‘ನಾಳೆ’ ಎನ್ನುತ್ತಿದ್ದ. ಸಂಕ್ರಾಂತಿ ಹತ್ತಿರವಾಗುತ್ತಿದ್ದರೂ ಕೊಪ್ಪರಿಗೆ ತಣ್ಣಗೆ ಬಿದ್ದಿತ್ತು, ದೊಡ್ಡಪ್ಪನ ಕೈ ಸುಮ್ಮನೆ ಕೂತಿತ್ತು. ಕೂತ ಕೈ ಅವರದಲ್ಲ. ಗೋಡೆ ಗಡಿಯಾರ ಬಿಚ್ಚಿ ಜೋಡಿಸಿದರು. ಒಂದು ಸ್ಕ್ರೂ ಮಿಕ್ಕಿತು, ಗಡಿಯಾರ ಅದಿಲ್ಲದೆಯೂ ಓಡಿತು. ಬಾಗಿಲುಗಳ ಬಿಜಾಗರಿಗೆಲ್ಲ ಎಣ್ಣೆ ಬಿಟ್ಟರು. ಮೂರನೆಯ ದಿನ ಒಗ್ಗರಣೆಗೆ ಸಾಸಿವೆ ಎಷ್ಟು ಹಾಕಬೇಕೆಂದು ಅಡುಗೆಮನೆಯ ಹೊಸಿಲ ಮೇಲೆ ನಿಂತು ಹೇಳಿದಾಗ ದೊಡ್ಡಮ್ಮ ನನ್ನ ಕಡೆ ತಿರುಗಿ, ‘ರೋಲರ್ ಜೊತ್ಗೆ ಇವ್ರನ್ನೂ ಲೇತ್ಗೇ ಕಳ್ಸಿದ್ರೆ ಚೆನ್ನಾಗಿತ್ತು’ ಎಂದರು.

ತೊಟ್ಟಿಗೆ ನೀಲಿ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿಸಿದೆ. ಅರ್ಧ ಡ್ರಮ್ಮಿಗೆ ಎಂಬತ್ತು ಲೀಟರು ಹಿಡಿಯಿತು. ಮೇಲೆ ಹನ್ನೆರಡು ತೂತಿನ ಥರ್ಮಕೋಲು, ತೂತಿಗೊಂದು ತಳ ಕತ್ತರಿಸಿದ ಪ್ಲಾಸ್ಟಿಕ್ ಲೋಟ, ಲೋಟದೊಳಗೆ ತೊಳೆದ ಜಲ್ಲಿ, ಜಲ್ಲಿಯಲ್ಲಿ ಸಸಿ. ಬೇರು ಕೆಳಗೆ ನೀರಿನಲ್ಲಿ. ಬೇರಿಗೆ ಉಸಿರು ಬೇಕಲ್ಲ, ಅದಕ್ಕೆ ಮೈಸೂರಿನಿಂದ ತಂದ ಮೀನಿನ ತೊಟ್ಟಿಯ ಗಾಳಿ ಪಂಪು. ಮಾಳಿಗೆ ಮೆಟ್ಟಿಲ ಗೋಡೆಯ ಮೊಳೆಗೆ ಒಂದು ನೋಟ್‌ಬುಕ್ ತೂಗುಹಾಕಿದೆ. ಕಾಲಂಗಳು: ತಾರೀಕು, ಬೆಳಿಗ್ಗೆ, ಸಂಜೆ, ಹಾಕಿದ್ದು, ಷರಾ. ಹಾಕಿದ್ದನ್ನು ಮಾತ್ರ ಇಂಗ್ಲಿಷಿನ ರಾಸಾಯನಿಕ ಸಂಕೇತದಲ್ಲಿ ಬರೆಯುತ್ತಿದ್ದೆ. ಅದು ಅಭ್ಯಾಸ. ಆಮೇಲೆ ತೊಂದರೆ ಕೊಟ್ಟಿದ್ದೂ ಅದೇ.

ಮೊದಲ ನಾಲ್ಕು ದಿನ ನೀರಿನದೇ ಕಾಟ. ನಮ್ಮ ಬೋರಿನ ನೀರು ಗಡಸು. ಸೋಪು ಹಚ್ಚಿದರೆ ನೊರೆಯೇ ಬಾರದು. ಸಂಜೆ ಫಾಸ್ಫಾರಿಕ್ ಆಮ್ಲ ಹನಿಸಿ 5.8ಕ್ಕೆ ಇಳಿಸಿ ಮಲಗಿದರೆ ಬೆಳಿಗ್ಗೆ 6.7. ನೀರಿನಲ್ಲಿ ಕರಗಿದ್ದ ಬೈಕಾರ್ಬೊನೇಟು ಮೆಲ್ಲಮೆಲ್ಲಗೆ ಆಮ್ಲವನ್ನು ತಿಂದುಹಾಕುತ್ತಿತ್ತು. ತೊಟ್ಟಿಯೊಳಗೆ ಜಗಳವಾಡುವುದು ಬಿಟ್ಟು, ನೀರನ್ನು ಮೊದಲು ಬಕೆಟ್ಟುಗಳಲ್ಲಿ ತುಂಬಿ, ಅಲ್ಲೇ ಆಮ್ಲ ಹಾಕಿ ಕದಡಿ, ಒಂದು ದಿನ ಬಿಟ್ಟು, ಮತ್ತೆ ಅಳೆದು, ಅಂಕಿ ನಿಂತ ಮೇಲೆ ತೊಟ್ಟಿಗೆ ಸುರಿದೆ. ಐದನೆಯ ದಿನ ಬೆಳಿಗ್ಗೆ 5.8, ಸಂಜೆ 5.9. ಆರನೆಯ ದಿನವೂ ಅಷ್ಟೇ. ಖುಷಿಯಾಯಿತು. ಖುಷಿಯನ್ನೂ ಯಾರಿಗೂ ಹೇಳಲಿಲ್ಲ.

ಏಳನೆಯ ದಿನ ಭಾನುವಾರ. ದೊಡ್ಡಪ್ಪ ತಾರಸಿಗೆ ಬಂದು ಕೈಯನ್ನು ಹಿಂದೆ ಕಟ್ಟಿಕೊಂಡು ನೋಟ್‌ಬುಕ್ ನೋಡಿದರು. ಈ ಚುಕ್ಕಿ ಇಟ್ಟ ಅಂಕಿ ಏನೆಂದು ಕೇಳಿದರು. ಹುಳಿಯ ಅಳತೆ ಎಂದೆ. ಇಳಿದರೆ ಏನು, ಏರಿದರೆ ಏನು ಎಂದು ಕೇಳಿದರು. ಇಳಿದಷ್ಟೂ ಹುಳಿ ಎಂದೆ. ಸೀಸೆಯಲ್ಲಿ ಏನೆಂದು ಕೇಳಿದರು. ‘ಔಷಧಿ’ ಎಂದೆ. ಮೂರಕ್ಕೂ ನಿಜವನ್ನೇ ಹೇಳಿದ್ದೆ, ಸಾಕಾಗುವಷ್ಟು ಹೇಳಿರಲಿಲ್ಲ. ಅವರು ಇನ್ನೊಮ್ಮೆ ಪುಸ್ತಕ ನೋಡಿ, ‘ಐದು ಚುಕ್ಕಿ ಎಂಟು’ ಎಂದು ಗೊಣಗಿ, ನಾಲಿಗೆ ಲೊಚಗುಟ್ಟಿ ಕೆಳಗಿಳಿದರು.

ಸೋಮವಾರ ಸಂಜೆ ಬಂದು ಮೀಟರು ಅದ್ದಿದೆ: 6.8.

ಆಮ್ಲ ಹಾಕಿ ಇಳಿಸಿದೆ. ಮಂಗಳವಾರ ಬೆಳಿಗ್ಗೆ ಸರಿಯಾಗಿತ್ತು, ಸಂಜೆ 6.9. ಬುಧವಾರವೂ ಅದೇ. ರಾತ್ರಿಯಿಡೀ ಅಲುಗದ ಅಂಕಿ ನಾನು ಬಸ್ಸು ಹತ್ತುತ್ತಲೂ ಏರುತ್ತಿತ್ತು. ಮೊದಲು ಮೀಟರಿನ ಮೇಲೆ ಅನುಮಾನ ಬಂತು. ಅದರ ತುದಿ ಒಣಗಬಾರದೆಂದು ಒದ್ದೆ ಹತ್ತಿ ಸುತ್ತಿ ಕೈಯಲ್ಲಿ ಹಿಡಿದುಕೊಂಡೇ ಕಾಲೇಜಿಗೆ ಒಯ್ದೆ. ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹೆಂಗಸು ಸ್ವಲ್ಪ ಹೊತ್ತು ನೋಡಿ, ಮಡಿಲ ಮಗುವಿನ ಬಾಯಿ ತೆರೆಸಿ ನನ್ನ ಕಡೆ ಒಡ್ಡಿ, ‘ನಿನ್ನೆಯಿಂದ ಮೈ ಬಿಸಿ ಕಣವ್ವ, ಒಂದ್ಕಿತ ನೋಡ್ಬುಡು’ ಎಂದಳು. ಇದು ಜ್ವರ ಅಳೆಯುವುದಲ್ಲವೆಂದೆ. ಮತ್ತೇನನ್ನು ಅಳೆಯುವುದೆಂದು ಕೇಳಿದಳು. ನೀರಿನ ಹುಳಿ ಎಂದೆ. ಅವಳು ಮಗುವನ್ನು ಕಿಟಕಿಯ ಕಡೆಗೆ ಬದಲಾಯಿಸಿಕೊಂಡಳು.

ಲ್ಯಾಬಿನಲ್ಲಿ, ಪಿಎಚ್ ಮೊದಲೇ ಗೊತ್ತಿರುವ ಬಫರ್ ದ್ರಾವಣದಲ್ಲಿ ಅದ್ದಿ ನೋಡಿದರೆ ಮೀಟರಿನಲ್ಲಿ ತಪ್ಪಿರಲಿಲ್ಲ.

ಆಮೇಲೆ ಅನುಮಾನ ಕರೆಂಟಿನ ಕಡೆ ತಿರುಗಿತು. ವಾರದ ದಿನಗಳಲ್ಲಿ ಹತ್ತರಿಂದ ಎರಡರವರೆಗೆ ಕರೆಂಟು ಇರುತ್ತಿರಲಿಲ್ಲ, ಗಾಳಿ ಪಂಪು ನಿಲ್ಲುತ್ತಿತ್ತು. ಆದರೆ ಗಾಳಿ ನಿಂತರೆ ನೀರು ಹುಳಿಯಾಗಬೇಕೇ ಹೊರತು ಸುಣ್ಣದ ಕಡೆಗೆ ತಿರುಗಬಾರದು. ಪಠ್ಯಪುಸ್ತಕ ಎರಡು ಸಲ ತೆರೆದು ನೋಡಿದೆ, ಪುಸ್ತಕ ಬದಲಾಗಿರಲಿಲ್ಲ. ಹದಿನಾಲ್ಕನೆಯ ದಿನ ಭಾನುವಾರ ಮನೆಯಲ್ಲೇ ಇದ್ದು ಗಂಟೆಗೊಮ್ಮೆ ಅಳೆದೆ. ಬೆಳಿಗ್ಗೆ 5.8, ಸಂಜೆಯೂ 5.8. ಷರಾ ಕಾಲಂನಲ್ಲಿ ಬರೆದೆ: ‘ಭಾನುವಾರ ಏರುವುದಿಲ್ಲ. ಕಾರಣ ತಿಳಿಯದು.’

ಎಳೆಯ ಎಲೆಗಳು ಅಷ್ಟರಲ್ಲಿ ಹಳದಿಗೆ ತಿರುಗಿದ್ದವು. ನರ ಮಾತ್ರ ಹಸಿರು. ದೊಡ್ಡಮ್ಮ ಬಟ್ಟೆ ಒಣಹಾಕಲು ಬಂದವರು ಬಗ್ಗಿ ನೋಡಿ ಇದು ಕಾಮಾಲೆಯೇ ಎಂದರು. ಕಾಮಾಲೆಗೆ ಸೊಪ್ಪು ಕೊಡುವವರು ಗೊತ್ತಿದ್ದಾರೆ, ಸೊಪ್ಪಿಗೇ ಕಾಮಾಲೆ ಬಂದರೆ ಏನು ಕೊಡುತ್ತಾರೋ ಗೊತ್ತಿಲ್ಲ ಎಂದೂ ಹೇಳಿದರು. ತೊಟ್ಟಿಯ ತಳದಲ್ಲಿ ಬಿಳಿ ಗಸಿ ಕೂತಿತ್ತು. ಅದನ್ನೂ ಷರಾದಲ್ಲಿ ಬರೆದೆ. ಬೆಳಿಗ್ಗೆ ಒಮ್ಮೊಮ್ಮೆ ತೊಟ್ಟಿಯ ಮೇಲೆ ಗೋಣಿತಾಟು ಹೊದಿಸಿರುತ್ತಿತ್ತು. ದೊಡ್ಡಮ್ಮ ಒಣಗಲು ಹಾಕಿದ್ದಿರಬೇಕು ಎಂದು ಮಡಿಸಿಟ್ಟೆ. ಅದೇ ವಾರ ದೊಡ್ಡಮ್ಮ ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು, ಸುಣ್ಣದ ಡಬ್ಬಿ ಎರಡು ದಿನಕ್ಕೇ ಖಾಲಿಯಾಗುತ್ತಿದೆ, ಈ ಮನೆಯಲ್ಲಿ ಸುಣ್ಣವನ್ನೇ ಯಾರೋ ಊಟ ಮಾಡುತ್ತಿದ್ದಾರೆ ಎಂದು ರೇಗುತ್ತಿದ್ದರು. ನಾನು ಅಲ್ಲೇ ಕೂತು ಕೇಳಿಸಿಕೊಂಡೆ. ಬಿಳಿ ಗಸಿ, ಏರುವ ಪಿಎಚ್, ಖಾಲಿಯಾಗುವ ಸುಣ್ಣ. ಮೂರನ್ನೂ ಒಂದೇ ವಾಕ್ಯದಲ್ಲಿ ಇಟ್ಟು ನೋಡಲು ರಸಾಯನಶಾಸ್ತ್ರ ಬೇಕಿರಲಿಲ್ಲ. ಹೈಸ್ಕೂಲು ಸಾಕಿತ್ತು.

ಹದಿನೇಳನೆಯ ದಿನ, ಬುಧವಾರ. ಯಾರೋ ಗಣ್ಯರು ತೀರಿಕೊಂಡರೆಂದು ಕಾಲೇಜಿಗೆ ರಜಾ ಕೊಟ್ಟರು. ಹನ್ನೊಂದೂವರೆಗೆ ಮನೆಗೆ ಬಂದು ಸೀದಾ ಮೆಟ್ಟಿಲು ಹತ್ತಿದೆ.

ದೊಡ್ಡಪ್ಪ ತೊಟ್ಟಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ತಲೆಗೆ ಟವೆಲು, ಮೂಗಿನ ಮೇಲೆ ಕನ್ನಡಕ, ಎಡಗೈಯಲ್ಲಿ ನನ್ನ ನೋಟ್‌ಬುಕ್. ಕಿರುಬೆರಳನ್ನು ನೀರಿಗೆ ಅದ್ದಿ, ನಾಲಿಗೆಗೆ ತಾಗಿಸಿ, ಪ್ಯಾರಪೆಟ್ಟಿನ ಆಚೆ ಉಗಿದು, ಪುಸ್ತಕ ನೋಡಿ ತಲೆಯಾಡಿಸಿ, ಪಕ್ಕದಲ್ಲಿದ್ದ ಸ್ಟೀಲ್ ಲೋಟ ಎತ್ತಿದರು.

‘ದೊಡ್ಡಪ್ಪ’ ಎಂದೆ.

ಲೋಟ ನಿಲ್ಲಲಿಲ್ಲ. ಆಲೆಮನೆಯಲ್ಲಿ ಬಗ್ಗಿಸಿದ್ದನ್ನು ಅರ್ಧಕ್ಕೆ ನಿಲ್ಲಿಸುವ ಪದ್ಧತಿ ಇಲ್ಲ. ಪೂರ್ತಿ ಸುರಿದು, ಕೊನೆಯ ಹನಿಯನ್ನೂ ಬೀಳಿಸಿ, ಆಮೇಲೆ ತಿರುಗಿದರು.

‘ಏನು ಹಾಕಿದ್ರಿ?’

‘ಸುಣ್ಣದ ತಿಳಿ ಕಣವ್ವ. ಬರೀ ತಿಳಿ. ಗಸಿ ಒಂದ್ಚೂರೂ ಬುಟ್ಟಿಲ್ಲ.’

‘ಎಷ್ಟು ದಿನದಿಂದ?’

‘ಹೋದ್ ವಾರದ್ ಸ್ವಾಮಾರದಿಂದ. ಭಾನುವಾರ ಬುಟ್ಟು. ನೀನು ಮನೇಲಿರ್ತೀಯಲ್ಲ.’

ಯಾಕೆ ಎಂದು ಕೇಳಿದೆ. ಅವರು ನನಗಿಂತ ಆಶ್ಚರ್ಯಪಟ್ಟರು.

‘ಯಾಕೆ ಅಂದ್ರೆ? ಬುಕ್ಕಲ್ಲಿ ನೀನೇ ಬರ್ದಿದ್ದೀಯಲ್ಲ ಕಣಮ್ಮಿ, ಐದು ಚುಕ್ಕಿ ಎಂಟು, ಐದು ಚುಕ್ಕಿ ಎಂಟು ಅಂತ. ಹುಳಿ. ನಾನು ಹಗಲೊತ್ತು ಸುಣ್ಣ ಹಾಕಿ ಮುರೀತೀನಿ, ಸಂಜೀಕೆ ಏಳರ ಹತ್ರ ಬತ್ತದೆ. ಬೆಳಗಾಗೋಷ್ಟ್ರಲ್ಲಿ ಅದ್ಯಾವನೋ ಮತ್ತೆ ಇಳ್ಸಿರ್ತಾನೆ. ಮಂಜು ಬಿದ್ದು ಹುಳಿ ಆಯ್ತದೇನೋ ಅಂತ ಗೋಣಿತಾಟು ಹೊದಿಸ್ದೆ. ಅದ್ಕೂ ಬಗ್ಗನಿಲ್ಲ.’

ಕಬ್ಬಿನ ಹಾಲು ಗಾಣದಿಂದ ಇಳಿಯುವಾಗಲೇ ಹುಳಿ. ಸುಣ್ಣದ ತಿಳಿ ಹಾಕಿ ಅದನ್ನು ಮುರಿಯದಿದ್ದರೆ ಬೆಲ್ಲ ಅಚ್ಚು ಕಟ್ಟುವುದಿಲ್ಲ, ಜಿನುಗುತ್ತದೆ. ದೊಡ್ಡಪ್ಪ ಹದಿಹರೆಯದಿಂದ ಮಾಡಿಕೊಂಡು ಬಂದದ್ದು ಅದೊಂದೇ: ಹುಳಿ ಕಂಡಲ್ಲಿ ಮುರಿಯುವುದು. ಅವರ ಕಣ್ಣಿಗೆ ನನ್ನ ಪುಸ್ತಕ ಪ್ರತಿದಿನ ಬೆಳಿಗ್ಗೆ ಹುಳಿ ಹುಳಿ ಎಂದು ಕೂಗುತ್ತಿತ್ತು. ನಾನು ಹಾಕಿದ್ದೇನು ಎಂಬುದು ಮಾತ್ರ ಅವರಿಗೆ ಓದಲು ಬಾರದ ಸಂಕೇತದಲ್ಲಿತ್ತು. ಒಂಬತ್ತು ದಿನ ಅವರು ಹಗಲು ಸುಣ್ಣ ಹಾಕಿ ಕಾಣದ ಶತ್ರುವನ್ನು ಹುಡುಕಿದ್ದರು. ಅದೇ ದಿನಗಳಲ್ಲಿ ನಾನು ಸಂಜೆ ಆಮ್ಲ ಹಾಕಿ ಕಾಣದ ಶತ್ರುವನ್ನು ಹುಡುಕಿದ್ದೆ. ರಾತ್ರಿ ಇಬ್ಬರೂ ಎದುರುಬದುರು ಕೂತು ಮುದ್ದೆ ಉಣ್ಣುತ್ತಿದ್ದೆವು.

‘ಇಳಿಸ್ತಿದ್ದವಳು ನಾನೇ ದೊಡ್ಡಪ್ಪ. ಆ ಸೀಸೇಲಿರೋದು ಹುಳಿ.’

‘ನೀನಾ?’ ಅವರು ಪೂರ್ತಿ ಕೂತುಬಿಟ್ಟರು. ‘ಓದ್ದೋಳು, ಗಿಡಕ್ಕೆ ಹುಳಿ ಹಾಕ್ತೀಯಾ?’

ಆಗ ಎಲ್ಲ ಹೇಳಿದೆ. ಈ ಗಿಡಕ್ಕೆ ಹುಳಿಯೇ ಬೇಕು ಎಂಬುದರಿಂದ ಶುರುಮಾಡಿ, ಬೆಳ್ಳೂರು ಕ್ರಾಸು, ಇಪ್ಪತ್ತೆಂಟು ದಿನ, ಜನವರಿ, ಊರಿನಲ್ಲಿ ಕಾಯುತ್ತಿರುವ ಕಾಫಿ ಲೋಟಗಳವರೆಗೆ. ನಾನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಅವರು ಹಿಂದೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವರು ಟವೆಲು ಬಿಚ್ಚಿ ಮುಖ ಒರೆಸಿಕೊಂಡು, ‘ಅಲ್ಲ ಕಣವ್ವ, ಇದ್ನ ಮೊದ್ಲೇ ಹೇಳಿದ್ರೆ ನಿನ್ ಗಂಟೇನ್ ಹೋಗ್ತಿತ್ತು?’ ಎಂದರು.

ಥರ್ಮಕೋಲು ಎತ್ತಿ ತೊಟ್ಟಿಯೊಳಗೆ ನೋಡಿದೆ. ಅಲ್ಲಿ ಎಂಟು ಸಂಜೆಯ ಆಮ್ಲ ಮತ್ತು ಒಂಬತ್ತು ಲೋಟ ಸುಣ್ಣ ಸೇರಿ ತಳದಲ್ಲಿ ಗಸಿಯಾಗಿ ಕೂತಿದ್ದವು. ಆ ಗಸಿಯ ಜೊತೆ ಗಿಡಕ್ಕೆ ಬೇಕಾದ ರಂಜಕವೂ ಇಳಿದುಹೋಗಿತ್ತು. ತೇಪೆ ಹಾಕಿ ಪ್ರಯೋಜನವಿಲ್ಲ. ಉಪ್ಪುಗಳು ಇನ್ನೊಂದೇ ಒಂದು ತೊಟ್ಟಿಗಾಗುವಷ್ಟು ಮಿಕ್ಕಿದ್ದವು. ಅಂದೇ ಎಂಬತ್ತು ಲೀಟರನ್ನೂ ತೆಂಗಿನ ಮರದ ಬುಡಕ್ಕೆ ಚೆಲ್ಲಿದೆವು. ಬಕೆಟ್ಟು ದೊಡ್ಡಪ್ಪನೇ ಹೊತ್ತರು.

ಉಳಿದದ್ದು ಪುಸ್ತಕದ ಚಿಂತೆ. ಮೊದಲ ದಿನಗಳ ಬೆಳಗಿನದಲ್ಲದೆ ಎಂಟು ಸಂಜೆಯ ಅಂಕಿಗಳೂ ಆರೂವರೆ ದಾಟಿದ್ದವು. ಅಂಗಡಿಯಿಂದ ಹೊಸ ನೋಟ್‌ಬುಕ್ ತಂದೆ. ಕಾಲಂ ಗೆರೆ ಹೊಡೆದು, ಮೊದಲ ದಿನದಿಂದ ನೀಟಾಗಿ ನಕಲು ಮಾಡತೊಡಗಿದೆ. ‘ನೀಟಾಗಿ’ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎಂಟನೆಯ ದಿನದ ಸಂಜೆಗೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು. ಆಗ ದೊಡ್ಡಪ್ಪ ಹಳೆಯ ಪುಸ್ತಕ ಹಿಡಿದುಕೊಂಡು ಬಂದರು. ಅವರದು ಬೇರೆಯೇ ತಕರಾರು.

‘ಒಂಬತ್ ಲೋಟ ಹಾಕಿವ್ನಿ. ಬುಕ್ಕಲ್ಲಿ ಒಂದ್ ಸಾಲಿಲ್ವಲ್ಲ.’

ಅದನ್ನು ಬರೆದರೆ ನನ್ನ ಕೆಲಸ ಹೋಗಬಹುದು ಎಂದೆ.

‘ಯಾವ್ ಕೊಪ್ಪರಿಗೇಗೆ ಎಷ್ಟು ಸುಣ್ಣ ಬಿತ್ತು ಅಂತ ಮರೆತೋನು ಬೆಲ್ಲ ಕಾಯ್ಸಕ್ಕೆ ಲಾಯಕ್ಕಿಲ್ಲ’ ಎಂದರು. ‘ಕೆಟ್ಟ ಕೊಪ್ಪರಿಗೇದೇ ನೆಪ್ಪಿರ್ಬೇಕು. ಚೆಂದಾಗ್ ಬಂದಿದ್ದು ಯಾವನಿಗ್ ಬೇಕು?’

ಹೊಸ ಪುಸ್ತಕವನ್ನು ಮುಚ್ಚಿದೆ. ಹಳೆಯದರ ಷರಾ ಕಾಲಂನಲ್ಲಿ ಒಂಬತ್ತು ಕಡೆ, ಬೇರೆ ಬಣ್ಣದ ಶಾಯಿಯಲ್ಲಿ, ಹಿಂದಿನಿಂದ ಸೇರಿಸಿದ್ದೆಂದು ಗೊತ್ತಾಗುವಂತೆ ಬರೆದೆ: ‘ಸುಣ್ಣದ ತಿಳಿ, ಒಂದು ಲೋಟ. ದೊಡ್ಡಪ್ಪ. ಕೇಳದೆ ಹಾಕಿದ್ದು.’ ದೊಡ್ಡಪ್ಪ ಪಕ್ಕದಲ್ಲಿ ನಿಂತು ಒಂಬತ್ತೂ ಎಣಿಸಿದರು.

ಮರುದಿನ ನನ್ನ ಮೀಟರಿನ ಬಗ್ಗೆ ಅವರಿಗೆ ಕುತೂಹಲ ಹುಟ್ಟಿತು. ಗಾಣ ಕೆಟ್ಟಿತ್ತಲ್ಲ, ಬಸ್‌ಸ್ಟ್ಯಾಂಡಿನ ಕಬ್ಬಿನ ಹಾಲಿನ ಗಾಡಿಯಿಂದ ಮೂರು ಲೋಟ ತಂದರು. ಐಸು ಬೇಡ, ನಿಂಬೆಹಣ್ಣು ಬೇಡ, ಶುಂಠಿ ಬೇಡ ಎಂದಿದ್ದಕ್ಕೆ ಗಾಡಿಯವನು ಹುಷಾರಿಲ್ಲವೇ ಎಂದು ವಿಚಾರಿಸಿದನಂತೆ. ಹಾಲಿನ ಪಿಎಚ್ 5.3 ಇತ್ತು. ‘ಮೀಟ್ರು ಆ ಕಡೆ ಇಡು’ ಎಂದು, ಒಂದೊಂದು ಲೋಟಕ್ಕೂ ಸುಣ್ಣದ ತಿಳಿ ಹನಿಹನಿಯಾಗಿ ಬಿಟ್ಟು, ಬಣ್ಣ ನೋಡಿ, ‘ಸಾಕು’ ಎಂದರು. ಆಮೇಲೆ ಅಳೆದೆ. 6.4, 6.3, 6.4. ಇನ್ನೊಮ್ಮೆ ಅದ್ದಿ ನೋಡಿದೆ. ಅಂಕಿ ಬದಲಾಗಲಿಲ್ಲ. ಮೀಟರಿದ್ದೂ ನಾನು ಸತತ ಮೂರು ಸಲ ಅಷ್ಟು ಹತ್ತಿರ ಬಂದಿರಲಿಲ್ಲ.

ನಾಲಿಗೆಯಿಂದ ಗೊತ್ತಾಗುತ್ತದೆಯೇ ಎಂದು ಕೇಳಿದೆ. ‘ನಾಲ್ಗೆ ಜನಕ್ಕೆ ತೋರ್ಸಕ್ಕೆ’ ಎಂದರು. ‘ಕೆಲ್ಸ ಕಣ್ಣಿಂದು.’ ಮತ್ತೆ ನನ್ನ ಪುಸ್ತಕದ ಕಡೆ ಗಲ್ಲ ಚಾಚಿ, ‘ನಿಂದೊಂದೇ ತಪ್ಪು. ಗಳಿಗ್ಗಳಿಗ್ಗೂ ಮುಟ್ತೀಯ. ಹದ ಮೊದ್ಲೇ ಮಾಡ್ಕಂಡು, ಹಾಕಿದ್ ಮ್ಯಾಲೆ ಕೈ ಬುಡ್ಬೇಕು. ಮುಟ್ತಾ ಇದ್ರೆ ಪಾಕ ಯಾವತ್ತೂ ನಿಲ್ಲಕ್ಕಿಲ್ಲ’ ಎಂದರು. ಒಂಬತ್ತು ಲೋಟ ಸುರಿದವರ ಬಾಯಿಂದ ಈ ಮಾತು. ಆದರೂ ಮಾತು ಸರಿಯಾಗಿತ್ತು.

ಗಿಡ ದೊಡ್ಡದಾಗುತ್ತ ನೈಟ್ರೇಟನ್ನು ಹೆಚ್ಚು ಹೀರುತ್ತದೆ. ಹೀರಿದಷ್ಟೂ ನೀರು ಸುಣ್ಣದ ಕಡೆಗೆ ವಾಲುತ್ತದೆ. ದಿನಾ ಆಮ್ಲ ಹಾಕಿ ಅದನ್ನು ಓಡಿಸುವ ಬದಲು, ಹುಳಿಯ ಕಡೆ ವಾಲಿಸುವ ಇನ್ನೊಂದು ಬಗೆಯ ಸಾರಜನಕವನ್ನು ತುಸು ಬೆರೆಸಿಟ್ಟರೆ ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅಮೋನಿಯಂ ಸಲ್ಫೇಟು, ಗದ್ದೆಗೆ ಎರಚುವ ಅದೇ ಗೊಬ್ಬರ. ದೊಡ್ಡಪ್ಪನ ಕೊಟ್ಟಿಗೆಯಲ್ಲಿ ಮೂಟೆಯೇ ಇತ್ತು. ಎಂಟು ಗ್ರಾಂ ತೂಗಿ, ಕರಗಿಸಿ, ಬಟ್ಟೆಯಲ್ಲಿ ಸೋಸಿ ಹೊಸ ತೊಟ್ಟಿಗೆ ಹಾಕಿದೆ. ಆಮ್ಲದ ಸೀಸೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ದೊಡ್ಡಮ್ಮನಿಗೆ ಕೊಟ್ಟೆ. ದೊಡ್ಡಮ್ಮ ತಮ್ಮ ಸುಣ್ಣದ ಡಬ್ಬಿಯನ್ನೂ ಅದೇ ಬೀರುವಿನಲ್ಲಿಟ್ಟರು.

5.8, 5.9, 5.9, 6.0. ಹಳದಿ ಎಲೆಗಳ ಮೇಲೆ ಹಸಿರು ಎಲೆ ಮೂಡಿತು. ದೊಡ್ಡಪ್ಪ ಮೆಟ್ಟಿಲ ಮೇಲಿನ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಪಕ್ಕದ ಮನೆಯವರು ಹಪ್ಪಳ ಒಣಗಿಸಲು ಬಂದರೆ ಹಪ್ಪಳದಲ್ಲಿ ಹುಳಿ ಇದೆಯೇ ಎಂದು ವಿಚಾರಿಸಿ ಬಿಡುತ್ತಿದ್ದರು. ನನ್ನ ಕೆಲಸದ ವಿಷಯ ಎರಡೇ ದಿನದಲ್ಲಿ ಬೀದಿಗೆಲ್ಲ ಗೊತ್ತಾಯಿತು. ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಹಾಲಿನವರು, ‘ಇವತ್ತೆಷ್ಟಮ್ಮ?’ ಎನ್ನುತ್ತಿದ್ದರು. ‘ಐದು ಒಂಬತ್ತು’ ಎಂದರೆ ಸಾಕು, ಮಳೆಯ ಸುದ್ದಿ ಕೇಳಿದವರಂತೆ ತಲೆಯಾಡಿಸುತ್ತಿದ್ದರು. ನನಗೆ ಮುಜುಗರವಾಗುತ್ತಿತ್ತು. ಆದರೆ ತೊಟ್ಟಿಗೆ ಯಾರೂ ಏನೂ ಹಾಕಲಿಲ್ಲ.

ಎಡವಿದವಳು ಮತ್ತೆ ನಾನೇ. ಧೈರ್ಯ ಹೆಚ್ಚಾಗಿ ಇಪ್ಪತ್ತಮೂರನೆಯ ದಿನ ಇನ್ನೊಂದು ಎಂಟು ಗ್ರಾಂ ಗೊಬ್ಬರ ಬೆರೆಸಿದೆ. ಇಪ್ಪತ್ತೈದನೆಯ ದಿನ ಬೆಳಿಗ್ಗೆ ಮೀಟರು 5.4 ತೋರಿಸಿತು. ಈ ಸಲ ನಿಜಕ್ಕೂ ಹುಳಿ. ದೊಡ್ಡಪ್ಪ ಅಂಕಿ ನೋಡಿದರು, ನನ್ನನ್ನು ನೋಡಿದರು, ಆಕಾಶ ನೋಡಿದರು. ಕೈ ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು. ಅಷ್ಟು ಸುಮ್ಮನಿರುವುದು ಅವರಿಗೆ ಎಷ್ಟು ಕಷ್ಟವಾಗುತ್ತಿತ್ತೆಂಬುದು ಕಿವಿಯ ಕೆಂಪಿನಲ್ಲಿ ಕಾಣುತ್ತಿತ್ತು.

‘ದೊಡ್ಡಪ್ಪ, ಸುಣ್ಣದ ತಿಳಿ ಬೇಕಿತ್ತು’ ಎಂದೆ. ‘ಅರ್ಧ ಲೋಟ.’

ದೊಡ್ಡಮ್ಮನಿಂದ ಬೀಗದಕೈ ಇಸಿದುಕೊಂಡು, ಸುಣ್ಣ ಕದಡಿ, ತಿಳಿಯಾಗುವವರೆಗೆ ಕಾದು, ಕೈಕಾಲು ತೊಳೆದುಕೊಂಡು ಬಂದರು. ಅರ್ಧ ಲೋಟವನ್ನು ಎಷ್ಟು ನಿಧಾನವಾಗಿ ಬಿಟ್ಟರೆಂದರೆ ನನ್ನ ಬಸ್ಸು ತಪ್ಪಿತು. ಸಂಜೆಗೆ 5.7. ಷರಾ: ‘ಸುಣ್ಣದ ತಿಳಿ, ಅರ್ಧ ಲೋಟ. ದೊಡ್ಡಪ್ಪ. ಕೇಳಿ ಹಾಕಿದ್ದು.’

ಇಪ್ಪತ್ತೊಂಬತ್ತನೆಯ ದಿನ ಮ್ಯಾನೇಜರು ಜೀಪಿನಲ್ಲಿ ಬಂದರು. ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೋರ್ಟಿನಲ್ಲಿ ಕೂಗಿಗೆ ಕಾದವರಂತೆ ಮೆಟ್ಟಿಲ ಬಳಿ ನಿಂತಿದ್ದರು. ಮ್ಯಾನೇಜರು ತಮ್ಮದೇ ಮೀಟರು ಅದ್ದಿದರು, 5.9. ಒಂದು ಗಿಡ ಎತ್ತಿ ಬೇರು ನೋಡಿದರು. ಬೇರು ಬೆಳ್ಳಗಿತ್ತು. ಆಮೇಲೆ ನಿಂತುಕೊಂಡೇ ಪುಸ್ತಕ ಓದಿದರು. ಎರಡನೆಯ ವಾರದ ಪುಟದಲ್ಲಿ ನಿಂತರು. ಮುಂದಿನ ಪುಟಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬಂದರು.

‘ಒಂಬತ್ತು ಕಡೆ ದೊಡ್ಡಪ್ಪ ಅಂತ ಇದೆಯಲ್ಲ. ಯಾರಿದು?’

‘ನಾನೇ ಸ್ವಾಮಿ’ ಎಂದು ದೊಡ್ಡಪ್ಪ ಮುಂದೆ ಬಂದರು. ‘ಒಂಬತ್ ಲೋಟ ಕೇಳ್ದೆ ಹಾಕ್ದೆ. ಅರ್ಧ ಲೋಟ ಕೇಳಿ ಹಾಕ್ದೆ. ಮಗಳ ಮ್ಯಾಲೆ ತಪ್ಪಿಲ್ಲ.’

ಮ್ಯಾನೇಜರು ನಗಲಿಲ್ಲ. ತಿಳಿ ಎಷ್ಟು ಗಟ್ಟಿ ಇರುತ್ತದೆ, ಸಾಕಾಯಿತೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ದೊಡ್ಡಪ್ಪ ಹೇಳತೊಡಗಿದರು. ಮುಕ್ಕಾಲು ಗಂಟೆ ಇಬ್ಬರೂ ಪ್ಯಾರಪೆಟ್ಟಿನ ಮೇಲೆ ಕೂತು ಕೊಪ್ಪರಿಗೆಯ ವಿಷಯ ಮಾತಾಡಿದರು. ಸಂದರ್ಶನ ಯಾರದೆಂದು ನನಗೇ ಅನುಮಾನವಾಗಿ, ಕೆಳಗೆ ಹೋಗಿ ನೀರು ಕುಡಿದು ಬಂದೆ.

ದೊಡ್ಡಮ್ಮ ಅವರನ್ನು ಊಟಕ್ಕೆ ಕೂರಿಸದೆ ಬಿಡಲಿಲ್ಲ. ನನ್ನನ್ನು ಕೇಳದೆ ಲೆಟ್ಯೂಸಿನ ಹೊರ ಎಲೆಗಳನ್ನು ಕಿತ್ತು ಬೇಯಿಸಿ ಉಪ್ಸಾರು ಮಾಡಿದ್ದರು. ಇಷ್ಟು ವರ್ಷ ಈ ಸೊಪ್ಪು ಬೆಳೆದಿದ್ದೇನೆ, ಇದನ್ನು ಬೇಯಿಸಬಹುದೆಂದು ಹೊಳೆದಿರಲಿಲ್ಲ ಎಂದರು ಮ್ಯಾನೇಜರು. ಮುದ್ದೆ ನುಂಗಲು ತಿಳಿಯದೆ ಅಗಿದರು. ದೊಡ್ಡಪ್ಪ ಬೇರೆ ಕಡೆ ನೋಡಿದರು.

ಜೀಪು ಹತ್ತುವ ಮೊದಲು ನನಗೆ ಹೇಳಿದರು: ‘ಮಂಡ್ಯದ ಆ ಇನ್ನೊಬ್ಬರ ಪುಸ್ತಕ ಇವತ್ತು ಬೆಳಿಗ್ಗೆ ನೋಡಿದೆ. ಇಪ್ಪತ್ತೆಂಟು ದಿನಕ್ಕೆ ಐವತ್ತಾರು ಅಂಕಿ. ಐವತ್ತಾರೂ ಆರು. ಒಂದೇ ಶಾಯಿ.’

‘ಗಿಡ ಹೇಗಿದ್ದವು ಸರ್?’

‘ಹಳದಿ. ಅವಕ್ಕೆ ಓದಕ್ಕೆ ಬರಲ್ಲವಲ್ಲ.’ ಜೀಪಿನೊಳಗೆ ಕೂತು, ‘ಒಂದನೇ ತಾರೀಕು ಬಂದುಬಿಡಿ. ದೊಡ್ಡಪ್ಪನವರನ್ನ ಮನೇಲೇ ಬಿಟ್ಟು ಬನ್ನಿ’ ಎಂದರು.

ರೋಲರು ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಬಂತು. ಕೆಲಸಕ್ಕೆ ಸೇರಿ ಒಂದೂವರೆ ತಿಂಗಳಾದ ಮೇಲೆ ಒಂದು ಭಾನುವಾರ ಆಲೆಮನೆಗೆ ಹೋದೆ. ಕೊಪ್ಪರಿಗೆಯಲ್ಲಿ ಆಗ ತಾನೇ ಹಾಲು ತುಂಬಿಸಿ ಸುಣ್ಣ ಹಾಕಿದ್ದರು. ದೊಡ್ಡಪ್ಪ ನನಗೆ ಬೆನ್ನು ಮಾಡಿ ಒಲೆಗೆ ಹಾಲು ಹಿಂಡಿ ಒಣಗಿಸಿದ ಕಬ್ಬಿನ ರಚ್ಚು ನೂಕುತ್ತಿದ್ದರು. ಚೀಲದಲ್ಲಿ ಮೀಟರಿತ್ತು. ಒಂದು ಸೌಟು ಹಾಲು ತೆಗೆದು, ಆರಿಸಿ, ಅದ್ದಿದೆ. 6.1. ಅವರ ಲೆಕ್ಕಕ್ಕೆ ಒಂದಿಷ್ಟು ಕಮ್ಮಿ. ಸುಣ್ಣದ ಮಡಕೆ ಎರಡು ಹೆಜ್ಜೆಯ ದೂರದಲ್ಲಿತ್ತು, ಮೇಲೊಂದು ತೆಂಗಿನ ಚಿಪ್ಪು. ಹತ್ತಿರ ಹೋದೆ. ಚಿಪ್ಪು ಎತ್ತಲಿಲ್ಲ. ಬಂದು ಮೊದಲಿನ ಜಾಗದಲ್ಲೇ ಕೂತೆ. ದೊಡ್ಡಪ್ಪ ಹಾಲು ಬಿಸಿಯಾದ ಮೇಲೆ ಬಣ್ಣ ನೋಡಿ, ತಾವೇ ಇನ್ನೊಂದು ಚಿಪ್ಪು ತಿಳಿ ಹಾಕಿದರು.

ಹೊರಡುವಾಗ ಬಾಗಿಲ ಪಕ್ಕದ ಮೊಳೆಗೆ ಒಂದು ನೋಟ್‌ಬುಕ್ ತೂಗುಹಾಕಿದ್ದು ಕಂಡಿತು. ನಾನು ಕಾಲಂ ಗೆರೆ ಹೊಡೆದು ಮುಚ್ಚಿಟ್ಟಿದ್ದ ಪುಸ್ತಕ. ನಾನು ಬರೆದಿದ್ದ ಹಾಳೆ ಹರಿದು ಉಪಯೋಗಿಸಿಕೊಂಡಿದ್ದರು. ತಾರೀಕು, ಕೊಪ್ಪರಿಗೆ, ಸುಣ್ಣ, ಷರಾ. ಅಂದಿನ ಸಾಲಿನ ಶಾಯಿ ಇನ್ನೂ ಹಸಿಯಾಗಿತ್ತು. ಷರಾದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರು:

‘ಮಗಳು ಬಂದಿದ್ಲು. ಸುಣ್ಣದ ಮಡಕೆ ಗಂಟ ಹೋಗಿ ವಾಪಸ್ ಬಂದ್ಲು. ಏನೂ ಹಾಕ್ನಿಲ್ಲ.’